ನಿಯಮದ ನಷ್ಟ, ನಿರ್ಲಕ್ಷ್ಯದ ನಷ್ಟ: ಶಕ್ತಿನಗರದಿಂದ ಹೊಲದ ಟಿಸಿಯವರೆಗೆ

(ವಿಜ್ಞಾನ ಹಾಗೂ ತಾಂತ್ರಿಕ ವಿದ್ಯಾರ್ಥಿಗಳನ್ನು ಉದ್ದೇಶಿಸಿದ ಉಪನ್ಯಾಸದ ಬರಹರೂಪ)



ಬೇಸಿಗೆಯ ದಿನಗಳಲ್ಲಿ ಮಾನ್ವಿ ಅಥವಾ ದೇವದುರ್ಗ ತಾಲ್ಲೂಕಿನ ಹಳ್ಳಿಗಳಲ್ಲಿ ಮತ್ತೆ ಮತ್ತೆ ಕಿವಿಗೆ ಬೀಳುವ ಮಾತೊಂದುಂಟು: 'ಟಿಸಿ ಸುಟ್ಟೈತ್ರಿ.' ಕಂಬದ ಮೇಲೆ ಕುಳಿತ ಆ ಬೂದುಬಣ್ಣದ ಡಬ್ಬಿ ಸುಟ್ಟಿತೆಂದರೆ ಊರಿನ ಅರ್ಧ ಬದುಕು ನಿಂತಂತೆಯೇ. ತೆನೆ ಕಟ್ಟುವ ಹೊತ್ತಿನ ಭತ್ತಕ್ಕೆ ನೀರಿಲ್ಲ, ಕುಡಿಯುವ ನೀರಿನ ಟ್ಯಾಂಕು ತುಂಬುವುದಿಲ್ಲ, ಹಿಟ್ಟಿನ ಗಿರಣಿ ತಿರುಗುವುದಿಲ್ಲ. ರೈತರು ಕೂಡಿಕೊಂಡು ಟ್ರ್ಯಾಕ್ಟರಿನಲ್ಲಿ ಅದನ್ನು ಹೇರಿಕೊಂಡು ಹೋಗಿ, ಬದಲಿ ಟಿಸಿ ತಂದು ಏರಿಸುವಷ್ಟರಲ್ಲಿ ಬೆಳೆ ಬಾಡಿರುತ್ತದೆ.

ಅದೇ ಹೊಲದಿಂದ ಹೆಚ್ಚೆಂದರೆ ಕೆಲವು ಹತ್ತು ಕಿಲೋಮೀಟರ್ ದೂರದಲ್ಲಿ, ಕೃಷ್ಣಾ ನದಿಯ ದಂಡೆಯ ಮೇಲೆ ದೇವಸೂಗೂರಿನ ಬಳಿ, ಶಕ್ತಿನಗರದ ಶಾಖೋತ್ಪನ್ನ ವಿದ್ಯುತ್ ಸ್ಥಾವರವಿದೆ. ಅದರ ಎತ್ತರದ ಚಿಮಣಿಗಳನ್ನು ಬಲ್ಲದವರು ಈ ಜಿಲ್ಲೆಯಲ್ಲಿಲ್ಲ. 'ನಮ್ಮ ಪಕ್ಕದಲ್ಲೇ ಇಷ್ಟು ಕರೆಂಟು ಹುಟ್ಟುತ್ತದೆ, ನಮ್ಮ ಮೋಟಾರಿಗೇಕೆ ಸಾಲದು?' ಎಂಬ ಪ್ರಶ್ನೆ ಇಲ್ಲಿನ ಕಟ್ಟೆಗಳ ಮೇಲೆ ಹಲವು ವರ್ಷಗಳಿಂದ ಕೇಳಿಬರುತ್ತಿದೆ. ಅದಕ್ಕೆ ಆಡಳಿತದ ಉತ್ತರಗಳೂ ಇವೆ, ರಾಜಕೀಯದ ಉತ್ತರಗಳೂ ಇವೆ. ಆದರೆ ಅವುಗಳಿಗೆಲ್ಲ ತಳಹದಿಯಾಗಿ ಭೌತವಿಜ್ಞಾನದ ಉತ್ತರವೊಂದಿದೆ. ಕಲ್ಲಿದ್ದಲಿನಿಂದ ಕಂಬದವರೆಗಿನ ದಾರಿಯಲ್ಲಿ ಶಕ್ತಿ ಎಲ್ಲೆಲ್ಲಿ ಸೋರುತ್ತದೆ, ಅದರಲ್ಲಿ ಪ್ರಕೃತಿ ನಿಯಮದಿಂದ ಆಗುವ ನಷ್ಟವೆಷ್ಟು, ಮನುಷ್ಯರ ನಿರ್ಲಕ್ಷ್ಯದಿಂದ ಆಗುವ ನಷ್ಟವೆಷ್ಟು ಎಂಬುದನ್ನು ತಿಳಿದರೆ ಪ್ರಶ್ನೆಯನ್ನು ಯಾರಿಗೆ, ಹೇಗೆ ಕೇಳಬೇಕೆಂಬುದೂ ತಿಳಿಯುತ್ತದೆ.

ಉಗಿಬಂಡಿ ತಂದ ವಿಜ್ಞಾನ

ಉಷ್ಣಗತಿ ವಿಜ್ಞಾನ ಎಂಬ ಹೆಸರು ಕೇಳಿ ಹೆದರುವವರು ಬಹಳ. ಆದರೆ ಈ ವಿಜ್ಞಾನ ಹುಟ್ಟಿದ್ದು ಕುದಿಯುವ ನೀರಿನಿಂದ, ಉಗಿಯಂತ್ರದಿಂದ. ರಾಯಚೂರಿಗೂ ಉಗಿಯಂತ್ರಕ್ಕೂ ಹಳೆಯ ನಂಟುಂಟು. ಮುಂಬಯಿ ಕಡೆಯಿಂದ ಬಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯ ಹಳಿಯೂ ಮದರಾಸಿನ ಕಡೆಯಿಂದ ಬಂದ ಮದ್ರಾಸ್ ರೈಲ್ವೆಯ ಹಳಿಯೂ 1871ರಲ್ಲಿ ಕೂಡಿದ್ದು ರಾಯಚೂರಿನಲ್ಲಿ. ಅಂದು ನಿಜಾಮರ ಆಳ್ವಿಕೆಯಲ್ಲಿದ್ದ ಈ ಊರಿನ ಮೂಲಕ ಮುಂಬಯಿ ಮತ್ತು ಮದರಾಸಿನ ನಡುವೆ ಉಗಿಬಂಡಿಗಳು ಓಡಾಡತೊಡಗಿದವು.

ಅದಕ್ಕೆ ಸುಮಾರು ಐವತ್ತು ವರ್ಷ ಮೊದಲು ಫ್ರಾನ್ಸಿನ ತರುಣ ಸೇನಾ ಎಂಜಿನಿಯರ್ ಸಾದಿ ಕಾರ್ನೊ ಒಂದು ಪ್ರಶ್ನೆ ಕೇಳಿಕೊಂಡಿದ್ದ: ಒಂದು ಬುಟ್ಟಿ ಕಲ್ಲಿದ್ದಲಿನಿಂದ ಹೆಚ್ಚೆಂದರೆ ಎಷ್ಟು ಕೆಲಸ ತೆಗೆಯಲು ಸಾಧ್ಯ? ಯಂತ್ರವನ್ನು ಎಷ್ಟೇ ನಾಜೂಕಾಗಿ ಮಾಡಿದರೂ ದಾಟಲಾಗದ ಮಿತಿಯೊಂದು ಇದೆಯೇ? 1824ರಲ್ಲಿ ಅವನು ಪ್ರಕಟಿಸಿದ ಚಿಕ್ಕ ಪುಸ್ತಕದಲ್ಲಿ ಇದಕ್ಕೆ ಉತ್ತರವಿತ್ತು. ಆಗ ಅದನ್ನು ಗಮನಿಸಿದವರು ಕಡಿಮೆ. 1832ರಲ್ಲಿ ಕಾಲರಾ ರೋಗಕ್ಕೆ ತುತ್ತಾಗಿ ಅವನು ತೀರಿಕೊಂಡಾಗ ವಯಸ್ಸು ಮೂವತ್ತಾರು. ಅವನ ಮಾತಿನ ಬೆಲೆ ಜಗತ್ತಿಗೆ ತಿಳಿದದ್ದು ಕೆಲವು ವರ್ಷಗಳ ಅನಂತರ, ಕೆಲ್ವಿನ್ ಮತ್ತು ಕ್ಲಾಸಿಯಸ್ ಎಂಬ ವಿಜ್ಞಾನಿಗಳ ಮೂಲಕ.

ಮೊದಲ ನಿಯಮ: ಜಮಾಖರ್ಚಿನ ಲೆಕ್ಕ

ಉಷ್ಣಗತಿ ವಿಜ್ಞಾನದ ಮೊದಲ ನಿಯಮ ಅಂಗಡಿಯ ಖಾತೆ ಪುಸ್ತಕದಂತೆ. ಶಕ್ತಿಯನ್ನು ಸೃಷ್ಟಿಸಲಾಗದು, ನಾಶಮಾಡಲೂ ಆಗದು. ಒಂದು ರೂಪದಿಂದ ಇನ್ನೊಂದು ರೂಪಕ್ಕೆ ಬದಲಿಸಬಹುದು, ಅಷ್ಟೆ. 1840ರ ದಶಕದಲ್ಲಿ ಇಂಗ್ಲೆಂಡಿನ ಜೇಮ್ಸ್ ಜೂಲ್ ತೂಕದ ಗುಂಡುಗಳನ್ನು ಕೆಳಗಿಳಿಸಿ, ಅವುಗಳ ಎಳೆತದಿಂದ ನೀರಿನಲ್ಲಿ ಹುಟ್ಟು ತಿರುಗಿಸಿ, ನೀರು ಎಷ್ಟು ಬಿಸಿಯಾಗುತ್ತದೆಂದು ಅಳೆದ. ಇಷ್ಟು ಕೆಲಸಕ್ಕೆ ಇಷ್ಟೇ ಶಾಖ ಎಂಬ ನಿಶ್ಚಿತ ವಿನಿಮಯ ದರ ಅವನಿಗೆ ಸಿಕ್ಕಿತು. ಕರೆಂಟ್ ಬಿಲ್ಲಿನಲ್ಲಿ ಕಾಣುವ ಒಂದು 'ಯೂನಿಟ್' ಎಂದರೆ ಒಂದು ಕಿಲೋವ್ಯಾಟ್-ಗಂಟೆ. ಅದು ಸುಮಾರು 860 ಕಿಲೋ ಕ್ಯಾಲೊರಿ ಶಾಖಕ್ಕೆ ಸಮ. ಗಟ್ಟಿಮುಟ್ಟಾದ ಆಳೊಬ್ಬ ಎಂಟು ಗಂಟೆ ಎಡೆಬಿಡದೆ ದುಡಿದರೂ ಅವನ ಮೈಬಲದ ಕೆಲಸ ಒಂದು ಯೂನಿಟ್ಟಿನ ಅರ್ಧಕ್ಕಿಂತ ತುಸು ಹೆಚ್ಚಾದೀತು, ಅಷ್ಟೇ. ಕೆಲವೇ ರೂಪಾಯಿಗಳ ಈ ಯೂನಿಟ್ ಎಷ್ಟು ದೊಡ್ಡ ವಸ್ತುವೆಂಬುದು ಇದರಿಂದ ತಿಳಿದೀತು.

ಇನ್ನು ಶಕ್ತಿನಗರದ ಲೆಕ್ಕಕ್ಕೆ ಬರೋಣ. ಅಲ್ಲಿನ ಮೊದಲ ಘಟಕ ಕೆಲಸ ಆರಂಭಿಸಿದ್ದು 1985ರಲ್ಲಿ. ಕ್ರಮೇಣ ತಲಾ 210 ಮೆಗಾವ್ಯಾಟಿನ ಏಳು ಘಟಕಗಳೂ 2010ರಲ್ಲಿ 250 ಮೆಗಾವ್ಯಾಟಿನ ಎಂಟನೆಯ ಘಟಕವೂ ಸೇರಿ ಸ್ಥಾವರದ ಒಟ್ಟು ಸಾಮರ್ಥ್ಯ 1,720 ಮೆಗಾವ್ಯಾಟ್ ಆಯಿತು. ಈ ಬಗೆಯ ಸ್ಥಾವರಗಳಲ್ಲಿ ಒಂದು ಯೂನಿಟ್ ವಿದ್ಯುತ್ತಿಗೆ ಸುಮಾರು ಮುಕ್ಕಾಲು ಕಿಲೋ ಭಾರತೀಯ ಕಲ್ಲಿದ್ದಲು ಬೇಕು. ಎಂದರೆ 210 ಮೆಗಾವ್ಯಾಟಿನ ಒಂದೇ ಘಟಕ ಪೂರ್ಣ ಸಾಮರ್ಥ್ಯದಲ್ಲಿ ನಡೆದರೆ ಗಂಟೆಗೆ ನೂರೈವತ್ತು ಟನ್ನಿನಷ್ಟು ಕಲ್ಲಿದ್ದಲನ್ನು ನುಂಗುತ್ತದೆ. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ನೂರಕ್ಕೆ ಮೂವತ್ತು ನಲವತ್ತು ಪಾಲು ಬೂದಿಯೇ. ಕಲ್ಲಿದ್ದಲಿನ ರೈಲುಗಳು ಸಾಲಾಗಿ ಬರುವುದೇಕೆ, ಬೂದಿಯ ಹೊಂಡಗಳು ತುಂಬುವುದೇಕೆ ಎಂಬುದಕ್ಕೆ ಈ ಲೆಕ್ಕವೇ ಉತ್ತರ. ಸ್ಥಾವರದ ಬೂದಿ ಸಿಮೆಂಟಿಗೂ ಇಟ್ಟಿಗೆಗೂ ಬಳಕೆಯಾಗುತ್ತದೆ ನಿಜ. ಗಾಳಿಗೆ ಹಾರುವ ಬೂದಿಯ ಕಷ್ಟ ಮಾತ್ರ ಸುತ್ತಲಿನವರ ಪಾಲಿಗೆ.

ಎರಡನೆಯ ನಿಯಮ: ಶಾಖದ ಜಲಪಾತ

ಮೊದಲ ನಿಯಮವಷ್ಟೇ ಇದ್ದಿದ್ದರೆ ಕಲ್ಲಿದ್ದಲಿನ ಶಾಖವನ್ನೆಲ್ಲ ವಿದ್ಯುತ್ತಾಗಿಸಲು ಅಡ್ಡಿಯಿರಲಿಲ್ಲ. ಆದರೆ ಎರಡನೆಯ ನಿಯಮ ಬಾಗಿಲಲ್ಲಿ ನಿಂತು ಸುಂಕ ಕೇಳುತ್ತದೆ. ಶಾಖ ತಾನಾಗಿ ಬಿಸಿಯಿಂದ ತಂಪಿನ ಕಡೆಗೇ ಹರಿಯುತ್ತದೆ. ತಂಪಿನಿಂದ ಬಿಸಿಯ ಕಡೆಗೆ ಎಂದೂ ಇಲ್ಲ. ಒಲೆಯಿಂದ ಇಳಿಸಿದ ಹಂಚು ಆರುತ್ತದೆ, ಆರಿದ ಹಂಚು ತಾನಾಗಿ ಕಾದದ್ದನ್ನು ಕಂಡವರಿಲ್ಲ. ಹೀಗೆ ಹರಿಯುವ ಶಾಖದಲ್ಲಿ ಒಂದು ಪಾಲನ್ನು ಕೆಲಸವಾಗಿ ಹಿಡಿದಿಡಬಹುದು. ಉಳಿದದ್ದನ್ನು ತಂಪಿನ ಕಡೆಗೆ ಬಿಟ್ಟುಕೊಡಲೇಬೇಕು.

ಕಾರ್ನೊ ಇದನ್ನು ಜಲಪಾತಕ್ಕೆ ಹೋಲಿಸಿದ. ಶಿವನಸಮುದ್ರದಲ್ಲಿ ಕಾವೇರಿಯ ನೀರು ಎತ್ತರದಿಂದ ಬೀಳುವುದರಿಂದ ಚಕ್ರ ತಿರುಗುತ್ತದೆ. ಬೀಳುವ ಎತ್ತರ ಹೆಚ್ಚಿದಷ್ಟು ಕೆಲಸ ಹೆಚ್ಚು. ಉಗಿಯಂತ್ರದಲ್ಲಿ 'ಬೀಳುವುದು' ಶಾಖ. 'ಎತ್ತರ' ಎಂದರೆ ತಾಪದ ವ್ಯತ್ಯಾಸ. 210 ಮೆಗಾವ್ಯಾಟಿನ ಘಟಕದಲ್ಲಿ ಉಗಿ ಟರ್ಬೈನಿಗೆ ನುಗ್ಗುವಾಗ ಸುಮಾರು 540 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ಕೆಲಸ ಮುಗಿಸಿ ಕಂಡೆನ್ಸರಿನಲ್ಲಿ ನೀರಾಗುವಾಗ ಸುಮಾರು 45 ಡಿಗ್ರಿ ಎಂದಿಟ್ಟುಕೊಳ್ಳಿ. ಕೆಲ್ವಿನ್ ಮಾನದಲ್ಲಿ ಇವು 813 ಮತ್ತು 318. ತಂಪಿನ ತಾಪವನ್ನು ಬಿಸಿಯ ತಾಪದಿಂದ ಭಾಗಿಸಿ ಒಂದರಿಂದ ಕಳೆದರೆ ಕಾರ್ನೊ ಹೇಳಿದ ಗರಿಷ್ಠ ದಕ್ಷತೆ ಸಿಗುತ್ತದೆ: ನೂರಕ್ಕೆ 61. ಇದು ದೇವರೇ ಬಂದು ಯಂತ್ರ ಕಟ್ಟಿದರೂ ಮೀರಲಾಗದ ಮಿತಿ. ಘರ್ಷಣೆ, ಚಿಮಣಿಯಿಂದ ಹೋಗುವ ಬಿಸಿ, ಸ್ಥಾವರದ ಸ್ವಂತ ಬಳಕೆ ಎಲ್ಲ ಕಳೆದರೆ ವಾಸ್ತವದಲ್ಲಿ ಕೈಗೆ ದಕ್ಕುವುದು ನೂರಕ್ಕೆ ಸುಮಾರು 35. ಎಂದರೆ 210 ಮೆಗಾವ್ಯಾಟ್ ವಿದ್ಯುತ್ತಿಗಾಗಿ 600 ಮೆಗಾವ್ಯಾಟಿನಷ್ಟು ಶಾಖ ಹುಟ್ಟಿಸಿ, 390 ಮೆಗಾವ್ಯಾಟಿನಷ್ಟನ್ನು ಗಾಳಿಗೂ ನೀರಿಗೂ ಒಪ್ಪಿಸಬೇಕು. ಶಾಖ ಸ್ಥಾವರಗಳು ನದಿಯ ದಂಡೆಯನ್ನು ಹುಡುಕಿಕೊಂಡು ಹೋಗುವುದಕ್ಕೂ, ಬರದ ವರ್ಷಗಳಲ್ಲಿ ಕೃಷ್ಣೆ ಬತ್ತಿದರೆ ಸ್ಥಾವರದವರಿಗೂ ಚಿಂತೆ ಹತ್ತುವುದಕ್ಕೂ ಮುಖ್ಯ ಕಾರಣ ಇದೇ.

ರಾಯಚೂರಿನ ಬೇಸಿಗೆ ಎಂಥದೆಂದು ಇಲ್ಲಿನವರಿಗೆ ಹೇಳಬೇಕಾಗಿಲ್ಲ. ಏಪ್ರಿಲ್ ಮೇ ತಿಂಗಳಲ್ಲಿ ತಾಪ 42 ಡಿಗ್ರಿ ದಾಟುವುದು ಇಲ್ಲಿ ಸುದ್ದಿಯೇ ಅಲ್ಲ. ಆಗ ನೀರೂ ಗಾಳಿಯೂ ಬಿಸಿಯಾಗಿರುವುದರಿಂದ ಕಂಡೆನ್ಸರಿನ ತಾಪ ಏರುತ್ತದೆ, ಶಾಖದ ಜಲಪಾತದ ಎತ್ತರ ತಗ್ಗುತ್ತದೆ. ಜನರಿಗೆ ಕರೆಂಟು ಹೆಚ್ಚು ಬೇಕಾದ ಹೊತ್ತಿನಲ್ಲೇ ಅದನ್ನು ತಯಾರಿಸುವ ದಕ್ಷತೆ ತುಸು ಇಳಿಯುತ್ತದೆಯೆಂಬುದು ವಿಪರ್ಯಾಸ.

ತಂಪಿನ ಕಡೆಯ ತಾಪ ನಮ್ಮ ಕೈಯಲ್ಲಿಲ್ಲ. ಬಿಸಿಯ ಕಡೆಯ ತಾಪ ಏರಿಸುವುದಷ್ಟೇ ದಾರಿ. ರಾಯಚೂರು ನಗರದ ಹತ್ತಿರದ ಯರಮರಸ್‌ನಲ್ಲಿ ತಲಾ 800 ಮೆಗಾವ್ಯಾಟಿನ ಎರಡು ಘಟಕಗಳನ್ನು ಕಟ್ಟಿರುವುದು ಈ ತತ್ತ್ವದ ಮೇಲೆ. 2017ರಲ್ಲಿ ವಾಣಿಜ್ಯ ಉತ್ಪಾದನೆ ಆರಂಭಿಸಿದ ಈ ಸ್ಥಾವರ 'ಸೂಪರ್‌ಕ್ರಿಟಿಕಲ್' ಬಗೆಯದು. ನೀರನ್ನು ಸುಮಾರು 221 ಬಾರ್ ಒತ್ತಡ ಮತ್ತು 374 ಡಿಗ್ರಿ ತಾಪದ ಆಚೆಗೆ ಒಯ್ದರೆ ನೀರು ಮತ್ತು ಉಗಿ ಎಂಬ ಭೇದವೇ ಅಳಿದುಹೋಗುತ್ತದೆ. ಅಲ್ಲಿ ಕುದಿಯುವುದೆಂಬ ಹಂತವಿಲ್ಲ. ಅಂಥ ಸ್ಥಿತಿಯಲ್ಲಿ ಹೆಚ್ಚಿನ ತಾಪ ಒತ್ತಡಗಳಲ್ಲಿ ಕೆಲಸ ಮಾಡುವುದರಿಂದ ಅಷ್ಟೇ ಕಲ್ಲಿದ್ದಲಿಗೆ ಕೆಲವು ಪಾಲು ಹೆಚ್ಚು ವಿದ್ಯುತ್ ಸಿಗುತ್ತದೆ. ಎರಡನೆಯ ನಿಯಮವನ್ನು ಗೆಲ್ಲಲಾಗದು. ಅದರೊಡನೆ ಚೌಕಾಸಿ ಮಾಡಬಹುದು.

ಕಳಿಸುವುದೇ ದೊಡ್ಡ ಸಮಸ್ಯೆ

ವಿದ್ಯುತ್ ಹುಟ್ಟಿತು, ಇನ್ನು ಊರಿಗೆ ತಲುಪಬೇಕು. ತಂತಿಯಲ್ಲಿ ಪ್ರವಾಹ ಹರಿದಾಗ ತಂತಿ ಬಿಸಿಯಾಗುತ್ತದೆ. ಈ ಶಾಖ ಪ್ರವಾಹದ ವರ್ಗಕ್ಕೆ ಅನುಗುಣ: ಪ್ರವಾಹ ಎರಡು ಪಟ್ಟಾದರೆ ಶಾಖ ನಾಲ್ಕು ಪಟ್ಟು, ಹತ್ತು ಪಟ್ಟಾದರೆ ನೂರು ಪಟ್ಟು. ಇದನ್ನು ಕಂಡುಕೊಂಡವನೂ ಜೂಲನೇ.

ಒಂದು ಲೆಕ್ಕ ಮಾಡಿ ನೋಡಿ. ಶಕ್ತಿನಗರದಿಂದ ದೂರದ ಹಳ್ಳಿಗೆ 1,000 ಕಿಲೋವ್ಯಾಟ್ ಕಳಿಸಬೇಕಾಗಿದೆ. ದಾರಿಯ ತಂತಿಯ ರೋಧ 5 ಓಮ್ ಎಂದಿರಲಿ. ಮನೆಯಲ್ಲಿ ಬಳಸುವ 250 ವೋಲ್ಟಿನಲ್ಲೇ ಕಳಿಸುವುದಾದರೆ 4,000 ಆಂಪಿಯರ್ ಹರಿಯಬೇಕು. ಅದನ್ನು ವರ್ಗ ಮಾಡಿ ರೋಧದಿಂದ ಗುಣಿಸಿದರೆ ತಂತಿಯಲ್ಲಿ ನಷ್ಟ 80,000 ಕಿಲೋವ್ಯಾಟ್! ಕಳಿಸಬೇಕಾದದ್ದಕ್ಕಿಂತ ಎಂಬತ್ತು ಪಟ್ಟು ನಷ್ಟ; ಎಂದರೆ ಆ ರೀತಿ ಕಳಿಸುವುದು ಆಗದ ಮಾತು. ಅದೇ 11,000 ವೋಲ್ಟಿನಲ್ಲಿ ಕಳಿಸಿದರೆ ಪ್ರವಾಹ 91 ಆಂಪಿಯರ್, ನಷ್ಟ ಸುಮಾರು 41 ಕಿಲೋವ್ಯಾಟ್. ಒಂದು ಲಕ್ಷದ ಹತ್ತು ಸಾವಿರ ವೋಲ್ಟಿನಲ್ಲಿ ಕಳಿಸಿದರೆ ಪ್ರವಾಹ 9 ಆಂಪಿಯರ್, ನಷ್ಟ ಅರ್ಧ ಕಿಲೋವ್ಯಾಟಿಗೂ ಕಡಿಮೆ. ತಂತಿ ಅದೇ, ಹೊರೆ ಅದೇ; ಬದಲಾದದ್ದು ವೋಲ್ಟೇಜು ಮಾತ್ರ.

ಈ ಗುಟ್ಟನ್ನು ಕನ್ನಡನಾಡು ಬೇಗನೆ ಬಳಸಿಕೊಂಡಿತು. ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಆರಂಭವಾದ ಶಿವನಸಮುದ್ರದ ಯೋಜನೆಯಿಂದ 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ ಹರಿಯಿತು. ನಡುವಿನ ದಾರಿ ಸುಮಾರು 147 ಕಿಲೋಮೀಟರ್. ಅಂದಿನ ಜಗತ್ತಿನಲ್ಲೇ ಅತಿ ಉದ್ದದ ವಿದ್ಯುತ್ ಮಾರ್ಗಗಳಲ್ಲಿ ಅದೂ ಒಂದು. ಅಷ್ಟು ದೂರ ಕಳಿಸಲು ವೋಲ್ಟೇಜನ್ನು 35,000ದ ಆಸುಪಾಸಿಗೆ ಏರಿಸಿ, ಗಣಿಯಲ್ಲಿ ಮತ್ತೆ ಇಳಿಸಬೇಕಾಗಿತ್ತು. 1905ರಲ್ಲಿ ಬೆಂಗಳೂರಿನ ಬೀದಿದೀಪಗಳು ಬೆಳಗಿದ್ದೂ ಈ ವಿದ್ಯುತ್ತಿನಿಂದಲೇ. ಹೀಗೆ ಏರಿಸುವ, ಇಳಿಸುವ ಸಾಧನವೇ ಪರಿವರ್ತಕ, ಅಂದರೆ ಟ್ರಾನ್ಸ್‌ಫಾರ್ಮರ್. ಹಳ್ಳಿಯ ಬಾಯಲ್ಲಿ ಅದೇ ಟಿಸಿ.

ಮುಟ್ಟದೆ ಕೊಡುವ ಯಂತ್ರ

1831ರಲ್ಲಿ ಮೈಕೆಲ್ ಫ್ಯಾರಡೆ ಒಂದು ಕಬ್ಬಿಣದ ಬಳೆಗೆ ಎರಡು ಕಡೆ ತಂತಿ ಸುತ್ತಿದ. ಒಂದು ಸುರುಳಿಗೆ ವಿದ್ಯುತ್ ಕೊಟ್ಟಾಗ, ತೆಗೆದಾಗ, ಇನ್ನೊಂದು ಸುರುಳಿಯಲ್ಲಿ ಕ್ಷಣಮಾತ್ರ ವಿದ್ಯುತ್ ಮಿಡಿಯಿತು. ಎರಡಕ್ಕೂ ತಂತಿಯ ಸಂಪರ್ಕವಿಲ್ಲ. ನಡುವೆ ಇದ್ದದ್ದು ಕಾಂತಕ್ಷೇತ್ರ. ಅದು ಬದಲಾಗುತ್ತಿದ್ದಾಗ ಮಾತ್ರ ಎರಡನೆಯ ಸುರುಳಿ ಎಚ್ಚರಗೊಳ್ಳುತ್ತದೆ. ಆದ್ದರಿಂದಲೇ ಬ್ಯಾಟರಿಯ ನೇರ ವಿದ್ಯುತ್ತಿನಿಂದ ಟ್ರಾನ್ಸ್‌ಫಾರ್ಮರ್ ನಡೆಯದು. ಸೆಕೆಂಡಿಗೆ ಐವತ್ತು ಸಲ ಹಿಂದುಮುಂದಾಗುವ ಪರ್ಯಾಯ ವಿದ್ಯುತ್ತೇ ಬೇಕು. ಇಂದಿನ ರೂಪದ ಪರಿವರ್ತಕವನ್ನು 1885ರಲ್ಲಿ ಬುಡಾಪೆಸ್ಟ್ ನಗರದ ಮೂವರು ಎಂಜಿನಿಯರುಗಳು, ಜಿಪೆರ್ನೊವ್‌ಸ್ಕಿ, ಬ್ಲಾಥಿ ಮತ್ತು ಡೇರಿ, ರೂಪಿಸಿದರು.

ತತ್ತ್ವ ಸರಳ. ಸುತ್ತುಗಳ ಅನುಪಾತದಲ್ಲೇ ವೋಲ್ಟೇಜು. ಹೊಲದ ಟಿಸಿಗೆ ಬರುವುದು 11,000 ವೋಲ್ಟ್. ಅದರಿಂದ ಹೊರಡುವುದು ತ್ರೀ ಫೇಸಿನಲ್ಲಿ 433 ವೋಲ್ಟ್, ಒಂದು ಫೇಸಿಗೂ ನ್ಯೂಟ್ರಲ್ಲಿಗೂ ನಡುವೆ 250 ವೋಲ್ಟ್. ಒಳಗಿನ ಸುರುಳಿಗಳ ಲೆಕ್ಕದಲ್ಲಿ 11,000ಕ್ಕೆ 250, ಅಂದರೆ 44ಕ್ಕೆ 1. ಹೊರಗೆ ಹೋಗುವ ಸುರುಳಿಯಲ್ಲಿ ಒಂದು ಸುತ್ತಿದ್ದರೆ ಒಳಬರುವ ಸುರುಳಿಯಲ್ಲಿ 44 ಸುತ್ತು. ಆದರೆ ಮೊದಲ ನಿಯಮವನ್ನು ಮರೆಯಬೇಡಿ. ವೋಲ್ಟೇಜು ಎಷ್ಟು ಪಟ್ಟು ಇಳಿಯಿತೋ ಪ್ರವಾಹ ಅಷ್ಟು ಪಟ್ಟು ಏರುತ್ತದೆ. ಪರಿವರ್ತಕ ಶಕ್ತಿಯನ್ನು ಹುಟ್ಟಿಸುವುದಿಲ್ಲ, ನೋಟು ಮುರಿಸಿ ಚಿಲ್ಲರೆ ಕೊಡುವ ಅಂಗಡಿಯಂತೆ ರೂಪ ಬದಲಿಸುತ್ತದೆ.

ಈ ಚಿಲ್ಲರೆ ವ್ಯಾಪಾರದಲ್ಲಿ ಅದು ಇಟ್ಟುಕೊಳ್ಳುವ ದಲ್ಲಾಳಿ ಬಹಳ ಕಡಿಮೆ. ಒಳ್ಳೆಯ ಸ್ಥಿತಿಯ ಟಿಸಿಯ ದಕ್ಷತೆ ನೂರಕ್ಕೆ 98ರ ಸುತ್ತ. ಸ್ಥಾವರದ ದೊಡ್ಡ ಪರಿವರ್ತಕಗಳದು 99ಕ್ಕೂ ಹೆಚ್ಚು. ಟರ್ಬೈನು ಮೂರನೆಯ ಎರಡು ಪಾಲು ಕಳೆದುಕೊಂಡರೆ ಟಿಸಿ ಕಳೆದುಕೊಳ್ಳುವುದು ನೂರಕ್ಕೆ ಎರಡು. ಏಕೆ ಈ ಅಂತರ? ಟರ್ಬೈನಿಗೆ ಬರುವುದು ಶಾಖ, ಆದ್ದರಿಂದ ಅದು ಕಾರ್ನೊ ಹಾಕಿದ ಗೆರೆಯೊಳಗೇ ನಡೆಯಬೇಕು. ಪರಿವರ್ತಕದಲ್ಲಿ ವಿದ್ಯುತ್ತು ವಿದ್ಯುತ್ತಾಗಿಯೇ ದಾಟುತ್ತದೆ. ನಡುವೆ ಶಾಖದ ಹಾದಿಯಿಲ್ಲ. ಅಲ್ಲಿ ಶಾಖ ಹುಟ್ಟುವುದು ಕೆಲಸದ ಉಪಾಯವಾಗಿ ಅಲ್ಲ, ಸೋರಿಕೆಯಾಗಿ.

ಆ ಸೋರಿಕೆ ಎರಡು ಬಗೆ. ಸುರುಳಿಯ ತಂತಿಯಲ್ಲಿ ಹುಟ್ಟುವ ಶಾಖ ಹೊರೆಯೊಂದಿಗೆ ಏರಿಳಿಯುತ್ತದೆ. ಕಬ್ಬಿಣದ ತಿರುಳಿನಲ್ಲಿ ಹುಟ್ಟುವ ಶಾಖ ಹೊರೆಯಿರಲಿ ಬಿಡಲಿ, ಹಗಲಿರುಳೂ ಇರುತ್ತದೆ. ಅದನ್ನು ತಗ್ಗಿಸಲೆಂದೇ ತಿರುಳನ್ನು ಗಟ್ಟಿ ಕಬ್ಬಿಣದಿಂದ ಮಾಡದೆ, ಸಿಲಿಕಾನ್ ಬೆರೆತ ತೆಳುವಾದ ಉಕ್ಕಿನ ತಗಡುಗಳನ್ನು ಒಂದರ ಮೇಲೊಂದು ಜೋಡಿಸಿ ಮಾಡುತ್ತಾರೆ. ಟಿಸಿಯ ಕೆಳಗೆ ನಿಂತರೆ ಕೇಳುವ 'ಗುಂಯ್' ಎಂಬ ನಾದವೂ ಈ ತಗಡುಗಳದೇ. ಕಾಂತಕ್ಷೇತ್ರ ಏರಿಳಿದಂತೆ ಅವು ಕಣ್ಣಿಗೆ ಕಾಣದಷ್ಟು ಹಿಗ್ಗಿ ಕುಗ್ಗುತ್ತವೆ, ಸೆಕೆಂಡಿಗೆ ನೂರು ಸಲ.

ಟಿಸಿ ಸುಡುವುದೇಕೆ?

ಟಿಸಿಯೊಳಗೆ ಎಣ್ಣೆ ತುಂಬಿರುತ್ತದೆ. ಇದಕ್ಕೆ ಎರಡು ಕೆಲಸ: ಸುರುಳಿಗಳ ನಡುವೆ ಕಿಡಿ ಹಾರದಂತೆ ತಡೆಯುವುದು, ಶಾಖವನ್ನು ಹೊರಗೆ ಒಯ್ಯುವುದು. ಬಿಸಿಯಾದ ಎಣ್ಣೆ ಮೇಲೇರಿ, ಬದಿಯ ಕೊಳವೆಗಳಲ್ಲಿ ಗಾಳಿಗೆ ಶಾಖ ಬಿಟ್ಟು, ತಂಪಾಗಿ ಕೆಳಗಿಳಿಯುತ್ತದೆ. ಪಂಪಿಲ್ಲದೆ ತಾನಾಗಿ ನಡೆಯುವ ಈ ಸುತ್ತಾಟಕ್ಕೆ ಹೊರಗಿನ ಗಾಳಿ ತಂಪಾಗಿರಬೇಕು. ಇಲ್ಲಿಯೂ ಎರಡನೆಯ ನಿಯಮದ ಆಟ: ಗಾಳಿಯೇ 43 ಡಿಗ್ರಿ ಇದ್ದರೆ ಎಣ್ಣೆ ತನ್ನ ಶಾಖವನ್ನು ಯಾರಿಗೆ ಕೊಡಬೇಕು? ಮೊದಲಿನಷ್ಟೇ ಶಾಖ ಹೊರಹೋಗಬೇಕಾದರೆ ಎಣ್ಣೆ ಇನ್ನೂ ಬಿಸಿಯಾಗಬೇಕು.

ಸುರುಳಿಯ ತಂತಿಗೆ ಸುತ್ತಿರುವುದು ಕಾಗದ. ಟಿಸಿಯ ಆಯುಷ್ಯವೆಂದರೆ ಈ ಕಾಗದದ ಆಯುಷ್ಯವೇ. ಮಿತಿಮೀರಿದ ಬಿಸಿಯಲ್ಲಿ ಪ್ರತಿ ಆರೆಂಟು ಡಿಗ್ರಿ ಏರಿದಾಗಲೂ ಅದರ ಆಯುಷ್ಯ ಅರ್ಧಕ್ಕೆ ಇಳಿಯುತ್ತದೆಂಬುದು ಎಂಜಿನಿಯರುಗಳು ಬಳಸುವ ಸೂತ್ರ. ಹದಿನೆಂಟಿಪ್ಪತ್ತು ಡಿಗ್ರಿ ಏರಿದರೆ ಇಪ್ಪತ್ತೈದು ವರ್ಷ ಬಾಳಬೇಕಾದದ್ದು ಮೂರ್ನಾಲ್ಕು ವರ್ಷಕ್ಕೆ ಮುಗಿಯುತ್ತದೆ.

ಈಗ ಹೊರೆಯ ಲೆಕ್ಕ. 63 ಕೆವಿಎ ಟಿಸಿ ಕೊಡಬಲ್ಲ ಪ್ರವಾಹ ಫೇಸಿಗೆ 84 ಆಂಪಿಯರ್. ಐದು ಅಶ್ವಶಕ್ತಿಯ ಪಂಪ್‌ಸೆಟ್ ಎಳೆಯುವುದು ಏಳೂವರೆ ಆಂಪಿಯರಿನಷ್ಟು. ಹಾಗಾದರೆ ಹನ್ನೊಂದು ಪಂಪುಗಳಿಗೆ ಆ ಟಿಸಿ ಸರಿ. ಮಂಜೂರಾತಿಯಿಲ್ಲದೆ ಇನ್ನೈದು ಪಂಪು ಸೇರಿದವೆನ್ನಿ. ಪ್ರವಾಹ 120 ಆಂಪಿಯರ್, ಎಂದರೆ ಸುಮಾರು 1.4 ಪಟ್ಟು. ಆದರೆ ಶಾಖ ವರ್ಗದ ಲೆಕ್ಕದಲ್ಲಿ ಏರುವುದರಿಂದ ಅದು ಎರಡು ಪಟ್ಟು. 'ಐದೇ ಪಂಪು ತಾನೆ' ಎಂಬ ಮಾತು ಟಿಸಿಯ ಲೆಕ್ಕದಲ್ಲಿ ನಿಲ್ಲುವುದಿಲ್ಲ.

ಇದರ ಮೇಲೆ ಕೊನೆಭಾಗದ ಕಷ್ಟ. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಭಾಗದ ಗೋಳು ಮಾನ್ವಿಯವರಿಗೆ ಹೊಸದಲ್ಲ. ಮೇಲ್ಭಾಗದಲ್ಲಿ ಎತ್ತಿಕೊಂಡಷ್ಟೂ ಕೆಳಗೆ ನೀರು ಕಡಿಮೆ. ವಿದ್ಯುತ್ ಮಾರ್ಗವೂ ಕಾಲುವೆಯಂತೆಯೇ. ತಂತಿ ಉದ್ದವಾದಷ್ಟೂ, ನಡುವೆ ಹೊರೆ ಹೆಚ್ಚಿದಷ್ಟೂ ಕೊನೆಯ ಕಂಬದಲ್ಲಿ ವೋಲ್ಟೇಜು ಕುಸಿಯುತ್ತದೆ. ಆದರೆ ಕಾಲುವೆಗಿಲ್ಲದ ಒಂದು ಕೇಡು ಇಲ್ಲುಂಟು. ನೀರು ಕಡಿಮೆಯಾದರೆ ಹೊಲ ಸುಮ್ಮನೆ ಒಣಗುತ್ತದೆ. ವೋಲ್ಟೇಜು ಕಡಿಮೆಯಾದರೆ ಹೊರೆ ಹೊತ್ತ ಮೋಟಾರು ಸುಮ್ಮನಿರದೆ ಹೆಚ್ಚು ಪ್ರವಾಹ ಎಳೆಯುತ್ತದೆ. ಹೆಚ್ಚು ಪ್ರವಾಹದಿಂದ ವೋಲ್ಟೇಜು ಇನ್ನೂ ಕುಸಿಯುತ್ತದೆ. ಮೋಟಾರಿನ ವೈಂಡಿಂಗೂ ಟಿಸಿಯೂ ಒಟ್ಟೊಟ್ಟಿಗೆ ಕಾಯುತ್ತವೆ.

ಇನ್ನುಳಿದ ಕಾರಣಗಳೂ ಗುಟ್ಟೇನಲ್ಲ. ಎಣ್ಣೆ ಸೋರಿ ಮಟ್ಟ ಇಳಿದಿರುತ್ತದೆ, ಇಲ್ಲವೇ ಕಳ್ಳರು ಇಳಿಸಿಕೊಂಡಿರುತ್ತಾರೆ. ತೇವ ಹೀರುವ ಸಿಲಿಕಾ ಜೆಲ್ ಹರಳುಗಳ ನೀಲಿ ಬಣ್ಣ ಗುಲಾಬಿಗೆ ತಿರುಗಿದ್ದರೂ ಬದಲಿಸಿರುವುದಿಲ್ಲ. ಫ್ಯೂಸಿನ ಜಾಗದಲ್ಲಿ ಬೆರಳು ಗಾತ್ರದ ತಂತಿ ಕಟ್ಟಿರುತ್ತಾರೆ. ಮೊದಲು ಕರಗಿ ಟಿಸಿಯನ್ನು ಕಾಯಬೇಕಾದ ಫ್ಯೂಸು ಗಟ್ಟಿಯಾಗಿ ನಿಂತು ಟಿಸಿಯೇ ಕರಗುತ್ತದೆ. ಸಿಂಗಲ್ ಫೇಸ್ ಇರುವ ಹೊತ್ತಿನಲ್ಲೂ ತ್ರೀ ಫೇಸ್ ಮೋಟಾರು ಓಡಿಸುವ ಉಪಾಯಗಳಿಂದ ಹೊರೆಯೆಲ್ಲ ಒಂದು ಕಡೆ ವಾಲುತ್ತದೆ. ಬೇಸಿಗೆಯಲ್ಲಿ ಎರೆಭೂಮಿ ಬಿರುಕುಬಿಟ್ಟು ಒಣಗಿದಾಗ ಅರ್ಥಿಂಗ್ ಕೆಲಸ ಮಾಡದು; ಅದರ ಗುಂಡಿಗೆ ನೀರು ಹಾಕುವವರಿಲ್ಲ.

ಇವುಗಳಲ್ಲಿ ಯಾವುದೂ ಕಾರ್ನೊ ಹೇಳಿದ ನಷ್ಟವಲ್ಲ. ಹೊರೆಗೆ ತಕ್ಕ ಟಿಸಿ ಒದಗಿಸುವುದು, ಎಣ್ಣೆ ಪರೀಕ್ಷಿಸುವುದು, ಉದ್ದದ ಮಾರ್ಗಗಳನ್ನು ಒಡೆದು ಹೊಸ ಉಪಕೇಂದ್ರ ಕೊಡುವುದು ವಿದ್ಯುತ್ ಪೂರೈಸುವವರ ಹೊಣೆ. ಪಂಪುಗಳನ್ನು ಸಕ್ರಮ ಮಾಡಿಸಿಕೊಳ್ಳುವುದು, ಮೋಟಾರಿಗೆ ಕೆಪಾಸಿಟರ್ ಹಾಕುವುದು ಬಳಸುವವರ ಹೊಣೆ. ಸರಿಯಾದ ಕೆಪಾಸಿಟರಿನಿಂದ ಪವರ್ ಫ್ಯಾಕ್ಟರ್ 0.8ರಿಂದ 0.95ಕ್ಕೆ ಏರಿದರೆ ಪ್ರವಾಹ ಆರರಲ್ಲಿ ಒಂದು ಪಾಲು ತಗ್ಗುತ್ತದೆ. ಸುರುಳಿಯ ಶಾಖ ನೂರಕ್ಕೆ ಮೂವತ್ತರಷ್ಟು ಇಳಿಯುತ್ತದೆ.

ಒಂದು ಎಚ್ಚರಿಕೆ

ಪರಿವರ್ತಕಕ್ಕೆ ಹಿಂದು ಮುಂದು ತಿಳಿಯದು. 11,000ವನ್ನು 250ಕ್ಕೆ ಇಳಿಸುವ ಅದೇ ಡಬ್ಬಿ, ಕೆಳಗಿನಿಂದ 250 ವೋಲ್ಟ್ ಕೊಟ್ಟರೆ ಮೇಲಿನ ತಂತಿಯಲ್ಲಿ 11,000 ವೋಲ್ಟ್ ಎಬ್ಬಿಸುತ್ತದೆ. ಕರೆಂಟು ಹೋದಾಗ ಯಾರೋ ತಮ್ಮ ಜನರೇಟರನ್ನು ಮೇನ್ ಸ್ವಿಚ್ ತೆಗೆಯದೆ ಮನೆಯ ತಂತಿಗೆ ಜೋಡಿಸಿದರೆ, ಲೈನು ಆಫ್ ಇದೆಯೆಂದು ನಂಬಿ ದೂರದ ಕಂಬ ಏರಿದ ಲೈನ್‌ಮನ್‌ನ ಪ್ರಾಣ ಹೋಗಬಹುದು. ಫ್ಯೂಸ್ ಹೋಯಿತೆಂದು ಕೋಲು ಹಿಡಿದು ತಾವೇ ಟಿಸಿಗೆ ಕೈಹಾಕುವ ರೈತರು ಇದನ್ನು ನೆನಪಿಡಬೇಕು: ಲೈನು ಸತ್ತಿದೆಯೆಂಬುದು ಕಣ್ಣಿಗೆ ಕಾಣುವ ಸಂಗತಿಯಲ್ಲ. ನಿಮ್ಮ ಮನೆಯ ಹಿರಿಯರಿಗೆ ಈ ಒಂದು ಮಾತನ್ನು ತಿಳಿಸಿದರೂ ಈ ಪಾಠ ಸಾರ್ಥಕ.

ಒಂದೇ ನೊಗ

ಕೊನೆಗೆ ಮೊದಲಿನ ಪ್ರಶ್ನೆ: ಪಕ್ಕದಲ್ಲಿ ಹುಟ್ಟಿದ ಕರೆಂಟು ನಮಗೇಕೆ ಸಾಲದು? ಶಕ್ತಿನಗರದ ಜನರೇಟರಿನಿಂದ 15,750 ವೋಲ್ಟಿನಲ್ಲಿ ಹೊರಟ ವಿದ್ಯುತ್ತು ಅಲ್ಲೇ ಲಕ್ಷಗಟ್ಟಲೆ ವೋಲ್ಟಿಗೆ ಏರಿ ಜಾಲವನ್ನು ಸೇರುತ್ತದೆ. ಅಲ್ಲಿಂದಾಚೆಗೆ ಅದು ಶಕ್ತಿನಗರದ್ದು, ಇದು ಶರಾವತಿಯದು ಎಂಬ ಗುರುತಿಲ್ಲ. ಅದು ಕೆರೆಗೆ ಸುರಿದ ನೀರು. ಹೊಲಕ್ಕೆ ಎಷ್ಟು ಬರುತ್ತದೆಂಬುದು ಸ್ಥಾವರ ಎಷ್ಟು ಹತ್ತಿರವಿದೆ ಎಂಬುದರಿಂದಲ್ಲ, ಉಪಕೇಂದ್ರ, ತಂತಿ ಮತ್ತು ಟಿಸಿ ಎಷ್ಟು ಗಟ್ಟಿಯಾಗಿವೆ ಎಂಬುದರಿಂದ ನಿರ್ಧಾರವಾಗುತ್ತದೆ.

ಆ ಜಾಲದ ಚರಿತ್ರೆಯಲ್ಲೂ ರಾಯಚೂರಿಗೆ ಸ್ಥಾನವುಂಟು. 2013ರ ಕೊನೆಯವರೆಗೆ ದಕ್ಷಿಣ ಭಾರತದ ವಿದ್ಯುತ್ ಜಾಲ ಉಳಿದ ದೇಶದ ಜಾಲದೊಡನೆ ಹೆಜ್ಜೆ ಸೇರಿಸಿರಲಿಲ್ಲ; ಒಡಿಶಾದ ತಾಲ್ಚೇರಿನಿಂದ ಕೋಲಾರಕ್ಕೆ ಬಂದಂಥ ನೇರ ವಿದ್ಯುತ್ತಿನ ಕೊಂಡಿಗಳಷ್ಟೇ ಇದ್ದವು. 2012ರ ಜುಲೈ ಕೊನೆಯಲ್ಲಿ ಉತ್ತರ ಮತ್ತು ಪೂರ್ವ ಭಾರತ ಕತ್ತಲಲ್ಲಿ ಮುಳುಗಿದಾಗ ದಕ್ಷಿಣ ಪಾರಾದದ್ದೂ ಆ ಅಂತರದಿಂದಲೇ. ಆದರೆ ಬೇರೆಯಾಗಿರುವುದಕ್ಕೂ ಬೆಲೆಯಿತ್ತು. 1990ರ ದಶಕದಲ್ಲಿ ದಕ್ಷಿಣದ ಜಾಲದ ಆವರ್ತನ 50 ಹರ್ಟ್ಸ್ ಇರಬೇಕಾದದ್ದು 48ರ ಆಸುಪಾಸಿಗೆ ಇಳಿಯುತ್ತಿದ್ದುದುಂಟು. 2013ರ ಡಿಸೆಂಬರ್ 31ರಂದು ರಾಯಚೂರು-ಸೊಲ್ಲಾಪುರ ನಡುವಿನ 765 ಕಿಲೋವೋಲ್ಟ್ ಮಾರ್ಗ ಚಾಲನೆಗೊಂಡಿತು. ಅಂದಿನಿಂದ ಕಾಶ್ಮೀರದಿಂದ ಕನ್ಯಾಕುಮಾರಿಯವರೆಗೆ ಜಾಲಕ್ಕೆ ಸೇರಿದ ಜನರೇಟರುಗಳು ಒಂದೇ ನೊಗಕ್ಕೆ ಕಟ್ಟಿದ ಎತ್ತುಗಳಂತೆ ಒಂದೇ ಲಯದಲ್ಲಿ ತಿರುಗತೊಡಗಿದವು. 1871ರಲ್ಲಿ ಹಳಿಗಳು ಕೂಡಿದ ಊರಿನಲ್ಲೇ 142 ವರ್ಷಗಳ ಅನಂತರ ದೇಶದ ವಿದ್ಯುತ್ ಜಾಲಗಳೂ ಕೂಡಿದವು.

ಹಳಿ ಕೂಡಿತು, ಜಾಲ ಕೂಡಿತು. ಊರ ಹೊರಗಿನ ಟಿಸಿ ಮಾತ್ರ ಇನ್ನೂ ಒಂಟಿ. ನಿಮ್ಮಲ್ಲಿ ಕೆಲವರು ನಾಳೆ ಲೈನ್‌ಮನ್‌ಗಳಾಗುತ್ತೀರಿ, ಕೆಲವರು ಎಂಜಿನಿಯರುಗಳು, ಹಲವರು ಅದೇ ಹೊಲಗಳ ಒಡೆಯರು. ಮುಂದಿನ ಸಲ ಟಿಸಿ ಸುಟ್ಟಿತೆಂಬ ಸುದ್ದಿ ಬಂದಾಗ ಹಣೆಬರಹವೆಂದು ಕೈಚೆಲ್ಲದೆ ಒಂದು ಕಾಗದ ಹಿಡಿದು ಕೂಡಿರಿ. ಟಿಸಿ ಎಷ್ಟು ಕೆವಿಎ, ಪಂಪು ಎಷ್ಟು, ಎಣ್ಣೆ ಎಷ್ಟಿತ್ತು, ಫ್ಯೂಸು ಯಾವುದಿತ್ತು ಎಂದು ಬರೆಯಿರಿ. ನಿಯಮದಿಂದಾದ ನಷ್ಟಕ್ಕೆ ಯಾರನ್ನೂ ಬೈಯುವಂತಿಲ್ಲ. ನಿರ್ಲಕ್ಷ್ಯದಿಂದಾದ ನಷ್ಟಕ್ಕೆ ಲೆಕ್ಕ ಕೇಳಬಹುದು. ಕೇಳಲು ಲೆಕ್ಕ ಗೊತ್ತಿರಬೇಕು.